ಹೋಗಿ ಬರ್ತೀನಿ ಅಂದವನ ಸ್ಟೇಷನ್

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೇ ಜನ ಬುಲೆಟ್ ರೈಲಿನ ವೇಗ ಕೇಳುತ್ತಾರೆ. ಫ್ಯೂಜಿ ಪರ್ವತ ಕಂಡಿತೇ ಅನ್ನುತ್ತಾರೆ. ಸಸ್ಯಾಹಾರಿಗಳಾದ ನೀವು ಅಲ್ಲಿ ಏನು ತಿಂದಿರಿ ಎಂದು ಮರುಗುತ್ತಾರೆ. ಫ್ಯೂಜಿಯನ್ನು ನಾನು ನೋಡಲಿಲ್ಲ; ಅದು ರೈಲಿನ ಬಲಗಡೆ ಬಂದಾಗ ನಾನು ಎಡಗಡೆ ಕೂತವಳ ಜೊತೆ ಪಿಸುದನಿಯಲ್ಲಿ ಜಗಳ ಆಡುತ್ತಿದ್ದೆ. ತಿಂದದ್ದು ಹೆಚ್ಚಾಗಿ ಅನ್ನ, ಮತ್ತು ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿ.

ನಾನು ನೋಡಿ ಬಂದದ್ದು ಬೆಟ್ಟಗಳ ನಡುವಿನ ಹಳ್ಳಿಯ ಒಂದು ರೈಲು ಸ್ಟೇಷನ್. ಅಲ್ಲಿ ಸ್ಟೇಷನ್ ಮಾಸ್ತರರಿಲ್ಲ. ಟಿಕೆಟ್ ಕೊಡುವ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ನಮ್ಮ ಧಾರವಾಡದಿಂದ ಅಳ್ನಾವರದ ಕಡೆ ಹೋಗುವಾಗ ಸಿಗುವ ಸಣ್ಣ ಸ್ಟೇಷನ್ನುಗಳಲ್ಲೂ ಒಬ್ಬ ಮಾಸ್ತರ, ಒಂದು ಹಸಿರು ಬಾವುಟ, ಒಬ್ಬ ಚಹಾದವನು ಇರುತ್ತಾರೆ. ಇಲ್ಲಿ ಅದೂ ಇಲ್ಲ. ಇಂಥದೊಂದನ್ನು ನೋಡಲು ಭೂಮಿಯ ಆ ಮಗ್ಗುಲಿಗೆ ಹೋದದ್ದು ನನ್ನ ತಮ್ಮ ಗಿರೀಶನ ಸಲುವಾಗಿ. ಅವನು ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.

ನೆವಾರ್ಕ್

ಮೊದಲು ಗಿರೀಶನ ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ನ್ಯೂಜರ್ಸಿ ರಾಜ್ಯದಲ್ಲೇ ನಾವಿಬ್ಬರೂ ಇದ್ದದ್ದು. ಜರ್ಸಿ ಸಿಟಿಯಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಅವನಿಗೆ ಕೆಲಸ, ಪ್ರಿನ್ಸ್‌ಟನ್ ಹತ್ತಿರ ಮನೆ. ಕೋಡ್ ಬರೆಯಬಲ್ಲವರನ್ನು ಕಂಪನಿಗಳು ಪೈಪೋಟಿಯ ಮೇಲೆ ಎಳೆದುಕೊಳ್ಳುತ್ತಿದ್ದ ವರ್ಷಗಳು ಅವು. ಬಾಸ್ಕಿಂಗ್ ರಿಡ್ಜ್‌ನ ನಮ್ಮ ಮನೆಗೆ ಊಟಕ್ಕೆ ಬಂದ ಹುಡುಗರು ಉಪ್ಪಿನಕಾಯಿ ಕೇಳುವ ಮೊದಲೇ ಸ್ಟಾಕ್ ಆಪ್ಷನ್ ಮಾತು ತೆಗೆಯುತ್ತಿದ್ದರು. ಗಿರೀಶನನ್ನು ಅವನ ಆಫೀಸಿನವರು ಜಪಾನಿನ ನಗೋಯಾಕ್ಕೆ ಎರಡು ವರ್ಷ ಕಳಿಸಿದರು. ಹೆಂಡತಿ ವಸುಧಾ, ಕೈಗೂಸಿನ ಹಂತ ದಾಟಿದ್ದ ಮಗಳು ಮೇಘಾ ಅವನ ಜೊತೆ ಇದ್ದರು. ತಿರುಗಿ ನ್ಯೂಜರ್ಸಿಗೆ ಬಂದ ಮೇಲೂ ಅವನು ಆಗಾಗ ವಾರಗಟ್ಟಲೆ ಅಲ್ಲಿಗೆ ಹೋಗಿ ಬರುತ್ತಿದ್ದ.

ಅಕ್ಟೋಬರಿನ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಟ್ರೇನ್ ಬದಲಿಸುವ ಪ್ಲಾಟ್‌ಫಾರ್ಮಿನ ಮೇಲೆ ಕುಸಿದು ಬಿದ್ದ. ಹೃದಯ ನಿಂತಿತ್ತು. ನಲವತ್ತೂ ತುಂಬಿರಲಿಲ್ಲ. ಅವನ ಆಚೀಚೆ ನೂರಾರು ಜನ ಇದ್ದರು, ಯಾರೂ ಏನೂ ಮಾಡುವಷ್ಟು ಸಮಯ ಇರಲಿಲ್ಲವಂತೆ. ಅದನ್ನು ನಮಗೆ ಸಮಾಧಾನದ ಮಾತು ಎಂಬಂತೆ ಹೇಳಿದರು.

ಡಿಸೆಂಬರಿನಲ್ಲಿ ಜಪಾನಿನಿಂದ ಒಂದು ಪಾರ್ಸೆಲ್ ಬಂತು, ಗಿರೀಶನ ಹೆಸರಿಗೆ. ಆ ಬೆಟ್ಟದ ಹಳ್ಳಿಯ ಅಜ್ಜಿಯೊಬ್ಬಳು ಪ್ರತಿ ಚಳಿಗಾಲ ಕಳಿಸುತ್ತಿದ್ದ ಒಣಹಣ್ಣು ಅದು. ಟೊಮೆಟೊ ಆಕಾರದ, ಕಿತ್ತಳೆ ಬಣ್ಣದ ಹಣ್ಣನ್ನು ದಾರಕ್ಕೆ ಕಟ್ಟಿ ಸೂರಿನಡಿ ಒಣಗಿಸುತ್ತಾರೆ. ವಸುಧಾ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಎಷ್ಟೋ ದಿನ ಒಡೆಯಲಿಲ್ಲ. ಆಮೇಲೆ ಒಂದು ದಿನ ನನಗೆ ಫೋನ್ ಮಾಡಿದಳು.

"ಅಕ್ಕ, ನಾನು ಹೋಗಿ ಆ ಅಜ್ಜಿಗೆ ಹೇಳಿ ಬರ್ತೀನಿ. ಅವ್ರಿಗೆ ವಿಷಯಾನೇ ಗೊತ್ತಿಲ್ಲ. ಇದು ಫೋನಲ್ಲಿ ಹೇಳೋ ಮಾತಲ್ಲ."

ಧಾರವಾಡದಿಂದ ನಮ್ಮವ್ವ, ವರ್ಷಾಂತಿಕ ಆಗುವ ತನಕ ಎಲ್ಲೂ ಹೋಗಬಾರದು ಎಂದು ಫೋನಿನಲ್ಲೇ ಗದರಿದಳು. ನನಗೂ ಇದು ಹುಚ್ಚು ಅನ್ನಿಸಿತು. ಆದರೆ ವಸುಧಾ ಮೈಸೂರಿನವಳು, ಮೆತ್ತಗೆ ಮಾತಾಡಿಯೇ ಹಟ ಸಾಧಿಸುವ ಪೈಕಿ. ಅವಳನ್ನೂ ಆರು ವರ್ಷದ ಕೂಸನ್ನೂ ಒಂಟಿಯಾಗಿ ಕಳಿಸಲು ಮನಸ್ಸು ಬರಲಿಲ್ಲ. ಫೆಬ್ರವರಿಯಲ್ಲಿ ಮೇಘಾಳ ಸ್ಕೂಲಿಗೆ ರಜೆ ಇತ್ತು. ನಾನು ಕೆಲಸ ಮಾಡುವ ಲ್ಯಾಬಿಗೆ ರಜೆ ಹಾಕಿ ಜೊತೆಗೆ ಹೊರಟೆ.

ನೆವಾರ್ಕ್ ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹೆಂಗಸು ಮೇಘಾಳನ್ನು ಮಾತಾಡಿಸಿದಳು. ಜಪಾನಿಗೆ ಯಾಕೆ ಹೊರಟಿದ್ದೀ ಪುಟ್ಟಾ ಎಂದು ಕೇಳಿದಳು.

"ಟು ಗೆಟ್ ಮೈ ಡ್ಯಾಡ್," ಅಂದಳು ಮೇಘಾ. "ಹಿ ವೆಂಟ್ ಟು ಜಪಾನ್. ಹಿ ಫರ್ಗಾಟ್ ಟು ಕಮ್ ಬ್ಯಾಕ್."

ಆ ಹೆಂಗಸು ನಕ್ಕಳು. ನನ್ನ ಕೈಯಲ್ಲಿದ್ದ ಪಾಸ್‌ಪೋರ್ಟುಗಳು ಕೆಳಗೆ ಬಿದ್ದವು. ವಸುಧಾಳ ತೋಳು ಹಿಡಿದು ಕಂಬದ ಹಿಂದೆ ಎಳೆದುಕೊಂಡು ಹೋದೆ.

"ಏನಿದು? ಈ ಹುಡುಗಿಗೆ ಇನ್ನೂ ಹೇಳಿಲ್ಲೇನು ನೀ?"

"ಹೇಳಿದೀನಿ ಅಕ್ಕ. ಅಪ್ಪ ಹೋಗ್ಬಿಟ್ರು ಪುಟ್ಟಿ ಅಂತ ಅವತ್ತೇ ಹೇಳ್ದೆ."

"ಮತ್ತ?"

"ಜಪಾನಿಗಾ ಅಂತ ಕೇಳಿದ್ಲು. ನಾನು ಏನೂ ಮಾತಾಡ್ಲಿಲ್ಲ. ನಾನು ಸುಳ್ಳು ಹೇಳಿಲ್ಲ ಅಕ್ಕ. ಹೋದ್ರು ಅಂದೆ. ಎಲ್ಲಿಗೆ ಅಂತ ಅವಳೇ ತಿಳ್ಕೊಂಡ್ಲು."

ನನಗೆ ಕೋಪ ಬಂತು, ಆಮೇಲೆ ಹೆದರಿಕೆಯೂ ಆಯಿತು. ಯೋಚಿಸಿದರೆ ಕೂಸಿನದೇನು ತಪ್ಪು? ಗಿರೀಶನನ್ನು ಒಯ್ದ ದಿನ ಅವಳನ್ನು ಪಕ್ಕದ ಮನೆಯ ಗುಜರಾತಿ ಆಂಟಿ ಇಟ್ಟುಕೊಂಡಿದ್ದರು. ಆಮೇಲೆ ಮಾತಾಡಿಸಲು ಬಂದ ಅಂಕಲ್ ಆಂಟಿಗಳೆಲ್ಲ ಒಂದೇ ಮಾತು: ಹೋಗಬಾರದಿತ್ತು, ಹೋಗೋ ವಯಸ್ಸಾ ಅದು, ಯಾರಿಗೂ ಹೇಳದೇ ಹೋಗಿಬಿಟ್ಟ. ನಮ್ಮ ಮನೆಗಳಲ್ಲಿ ಸಾಯುವುದು ಇಲಿ, ಜಿರಳೆ. ಮನುಷ್ಯರು ಹೋಗುತ್ತಾರೆ, ತೀರಿಕೊಳ್ಳುತ್ತಾರೆ, ದೇವರ ಪಾದ ಸೇರುತ್ತಾರೆ. ಅರ್ಧಂಬರ್ಧ ಕನ್ನಡದ ಕೂಸು ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿಕೊಂಡು, ಅಪ್ಪ ಎಂದಿನಂತೆ ಜಪಾನಿಗೆ ಹೋಗಿದ್ದಾನೆ ಎಂದು ಕಾಯುತ್ತ ಕೂತಿತ್ತು. ಹದಿಮೂರನೇ ದಿನ ನಾನು ಗಂಧದ ಹಾರ ಹಾಕಿ ತಂದುಕೊಟ್ಟ ಫೋಟೋವನ್ನು ವಸುಧಾ ಬಟ್ಟೆಯ ಕ್ಲಾಸೆಟ್ಟಿನಲ್ಲಿ ಯಾಕೆ ಇಟ್ಟಿದ್ದಳು ಎಂದು ನನಗೆ ಆಗ ಹೊಳೆಯಿತು.

"ಆ ಹಳ್ಳಿ ಮುಟ್ಟೋದ್ರೊಳಗ ಹೇಳಬೇಕು ನೋಡು," ಅಂದೆ. "ಇಲ್ಲಾಂದ್ರ ಈ ಹುಡುಗಿ ಅಲ್ಲಿ ಇಳದು ಅವರಪ್ಪನ್ನ ಹುಡಕ್ತದ. ಅದನ್ನ ನನ್ನ ಕಡಿಂದ ನೋಡೋದಾಗೂದಿಲ್ಲ."

"ಹೇಳ್ತೀನಿ ಅಕ್ಕ. ವಿಮಾನದಲ್ಲಿ ಹೇಳ್ತೀನಿ."

ವಿಮಾನದಲ್ಲಿ ಹೇಳಲಿಲ್ಲ. ಮೇಘಾ ಕಾರ್ಟೂನ್ ನೋಡಿದಳು, ನಿದ್ದೆ ಮಾಡಿದಳು, ಎದ್ದು ಅಪ್ಪನಿಗೆ ಕೊಡಲೆಂದು ಊಟದ ಜೊತೆ ಬಂದ ಚಾಕೊಲೇಟನ್ನು ಜೇಬಿಗೆ ಹಾಕಿಕೊಂಡಳು.

ನಗೋಯಾ

ಟೋಕಿಯೋದಿಂದ ನಗೋಯಾಕ್ಕೆ ಬುಲೆಟ್ ರೈಲು. ನನ್ನ ಜಗಳ ನಡೆದದ್ದು ಅದರಲ್ಲಿ. ಜಗಳವೆಂದರೂ ಜಪಾನೀ ರೈಲಿನೊಳಗೆ ದನಿ ಏರಿಸುವ ಹಾಗಿಲ್ಲ. ಯಾರೂ ಮಾತಾಡುವುದಿಲ್ಲ, ಕೆಮ್ಮಿದರೂ ಕ್ಷಮೆ ಕೇಳುವವರ ಹಾಗೆ ಕೆಮ್ಮುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಬಯ್ದೆ, ವಸುಧಾ ಕಿಟಕಿ ನೋಡಿದಳು.

ನಗೋಯಾ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿ ಬಂದು ನಿಂತಿತು. ನಾನು ಎಂದಿನ ಅಭ್ಯಾಸದಂತೆ ಬಾಗಿಲಿಗೆ ಕೈ ಹಾಕಿ ಎಳೆಯುವುದಕ್ಕೂ ಡ್ರೈವರ್ ಒಳಗಿನಿಂದಲೇ ಅದನ್ನು ತೆರೆಯುವುದಕ್ಕೂ ಸರಿಹೋಯಿತು. ಬಾಗಿಲು ಮೊಣಕಾಲಿಗೆ ಬಡಿಯಿತು. ಅಲ್ಲಿ ಟ್ಯಾಕ್ಸಿ ಬಾಗಿಲನ್ನು ನಾವು ಮುಟ್ಟಬಾರದಂತೆ. ಅದು ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತದೆ. ಬಿಳಿ ಕೈಗವಸಿನ ಡ್ರೈವರ್ ಇಳಿದು ಬಂದು ನನಗಿಂತ ಹೆಚ್ಚು ನೊಂದವನಂತೆ ಸೊಂಟ ಬಗ್ಗಿಸಿ ನಿಂತ. ಮೇಘಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪ ಡಿಡ್ ದಟ್ ಟೂ!" ಅಂದಳು. ನನ್ನ ತಮ್ಮನಿಗೂ ಅದೇ ಮೊಣಕಾಲಿಗೆ ಬಡಿದಿತ್ತೋ ಏನೋ. ಟ್ಯಾಕ್ಸಿಯೊಳಗೆ ಕೂತು ನಾನು ಅತ್ತುಬಿಟ್ಟೆ, ಮೊಣಕಾಲು ನೋಯುತ್ತದೆ ಎಂದು ಹೇಳಿದೆ.

ಹೋಟೆಲಿನ ಕೋಣೆ ನಮ್ಮ ಕಡೆಯ ಸ್ಲೀಪರ್ ಕೋಚಿನ ಒಂದು ಖಾನೆಯಷ್ಟಿತ್ತು. ಮೇಘಾ ಮಲಗಿದ ಮೇಲೆ ವಸುಧಾ ಆ ಹಳ್ಳಿಯ ಕತೆ ಹೇಳಿದಳು. ಗಿರೀಶನಿಂದ ನಾನು ಅದನ್ನು ಚೂರುಪಾರು ಕೇಳಿದ್ದೆ, ಪೂರ್ತಿ ಕೇಳಿದ್ದು ಆಗಲೇ.

ಅವರು ನಗೋಯಾಕ್ಕೆ ಬಂದ ಹೊಸತರಲ್ಲಿ ಒಂದು ಭಾನುವಾರ ಬೆಟ್ಟ ನೋಡಲು ಹೊರಟು ತಪ್ಪು ಸ್ಟೇಷನ್ನಿನಲ್ಲಿ ಇಳಿದರು. ಜೋರು ಹಿಮ, ಮೇಘಾಳಿಗೆ ಜ್ವರ, ಮುಂದಿನ ರೈಲಿಗೆ ಬಹಳ ಹೊತ್ತು. ಪ್ಲಾಟ್‌ಫಾರ್ಮಿನ ಹಿಮ ಗುಡಿಸುತ್ತಿದ್ದ ಅಜ್ಜಿ ಇವರನ್ನು ಕಂಡು ಪಕ್ಕದಲ್ಲೇ ಇದ್ದ ತನ್ನ ಮನೆಗೆ ಕರೆದೊಯ್ದು ಗಂಜಿ ಕೊಟ್ಟಳು. ಹೊರಡುವಾಗ ಗಿರೀಶ ತನಗೆ ಗೊತ್ತಿದ್ದ ಹತ್ತು ಜಪಾನೀ ಮಾತುಗಳಲ್ಲಿ ಒಂದನ್ನು ಹೇಳಿದ: "ಇತ್ತೆಕಿಮಾಸು." ಹೋಗಿ ಬರ್ತೀನಿ ಎಂದು ಅರ್ಥ. ನಮ್ಮದೇ ಮಾತು, ಅಕ್ಷರಕ್ಕೆ ಅಕ್ಷರ. ಜಪಾನಿನವರೂ ನಮ್ಮಂತೆಯೇ ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತಾರೆ ಎಂದು ಗೊತ್ತಾದ ದಿನ ಗಿರೀಶ ನನಗೆ ಫೋನ್ ಮಾಡಿ ಖುಷಿಯಿಂದ ಕೂಗಾಡಿದ್ದ.

"ಆದ್ರೆ ಅಕ್ಕ, ಅವ್ರು ಅದನ್ನ ತಮ್ಮ ಸ್ವಂತ ಮನೆಯಿಂದ ಹೊರಡೋವಾಗ ಮಾತ್ರ ಹೇಳೋದು. ಬೇರೆಯವರ ಮನೇಲಿ ಹೇಳಲ್ಲ. ನಾವು ಎಲ್ಲರ ಮನೇಲೂ ಹೇಳ್ತೀವಲ್ಲ, ಇವ್ರೂ ಹಾಗೇ ಹೇಳ್ಬಿಟ್ರು. ಅಜ್ಜಿ ಒಂದು ನಿಮಿಷ ಸುಮ್ನೆ ನಿಂತ್ಬಿಟ್ರು. ಆಮೇಲೆ ಅಳ್ತಾ ಇತ್ತೆರಾಶ್ಶಾಯ್ ಅಂದ್ರು. ಹೋಗಿ ಬಾ ಅಂತ. ಗಂಡ ಹೋಗಿ ಎಷ್ಟೋ ವರ್ಷ ಆಗಿತ್ತಂತೆ. ಆ ಮನೇಲಿ ಆ ಮಾತು ಹೇಳೋರೇ ಇರ್ಲಿಲ್ಲ."

ಆಮೇಲೆ ಇವರು ಆ ಹಳ್ಳಿಗೆ ಎಷ್ಟು ಸಲ ಹೋದರೋ ಲೆಕ್ಕವಿಲ್ಲ. ನ್ಯೂಜರ್ಸಿಯ ಮನೆಯಲ್ಲೂ ಅದೊಂದು ಆಟವಾಗಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಗಿರೀಶ ಒಂದು ದಿನ ಕನ್ನಡದಲ್ಲಿ, ಒಂದು ದಿನ ಜಪಾನೀಯಲ್ಲಿ ಹೋಗಿ ಬರ್ತೀನಿ ಅನ್ನುತ್ತಿದ್ದ. ಮನೆಯೊಳಗಿಂದ ಯಾರಾದರೊಬ್ಬರು ಹೋಗಿ ಬನ್ನಿ ಅನ್ನುವ ತನಕ ಅವನು ಹೊಸಿಲು ದಾಟುತ್ತಿರಲಿಲ್ಲವಂತೆ.

"ಅವತ್ತು?" ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಅವತ್ತು ಟ್ರೇನಿಗೆ ತಡ ಆಗಿತ್ತು. ಅವ್ರು ಹೇಳಿದ್ರು. ನಾನು ಮಿಕ್ಸಿ ಹಾಕಿದ್ದೆ. ಕೇಳಿಸ್ತು. ಮಿಕ್ಸಿ ಆಫ್ ಮಾಡಿ ಹೇಳೋಣ ಅಂದ್ಕೊಳ್ಳೋದ್ರಲ್ಲಿ ಬಾಗಿಲು ಹಾಕ್ಕೊಂಡ ಸದ್ದು." ಮಲಗಿದ್ದ ಮೇಘಾಳ ಹೊದಿಕೆ ಸರಿಮಾಡುತ್ತ ಅಂದಳು, "ತೆಂಗಿನಕಾಯಿ ಚಟ್ನಿ ಅಕ್ಕ. ಸುಡುಗಾಡು ಚಟ್ನಿ."

ಅವಳನ್ನು ತಬ್ಬಿಕೊಂಡೆ. ಆ ರಾತ್ರಿ ಮತ್ತೆ ಮೇಘಾಳ ವಿಷಯ ಎತ್ತಲಿಲ್ಲ. ನಾಳೆ ರೈಲಿನಲ್ಲಿ ಖಂಡಿತ ಹೇಳ್ತೀನಿ ಎಂದು ಅವಳೇ ಹೇಳಿದಳು.

ಎರಡು ಡಬ್ಬಿಯ ರೈಲು

ನಗೋಯಾದಿಂದ ಉತ್ತರಕ್ಕೆ ಬೆಟ್ಟ ಹತ್ತುವ ರೈಲುಗಳು ಊರು ಬದಲಾದಂತೆ ಸಣ್ಣವಾಗುತ್ತ ಹೋಗುತ್ತವೆ. ಕೊನೆಯದಕ್ಕೆ ಎರಡೇ ಡಬ್ಬಿ, ಡೀಸೆಲ್ಲಿನದು. ಒಬ್ಬನೇ ಡ್ರೈವರ್, ಟಿಕೆಟ್ ನೋಡುವವನೂ ಅವನೇ. ನಮ್ಮ ಸಿಟಿ ಬಸ್ಸಿನ ಕಂಡಕ್ಟರನನ್ನು ಡ್ರೈವರನ ಸೀಟಿನಲ್ಲಿ ಕೂರಿಸಿದ ಹಾಗೆ. ಕಿಟಕಿಯ ಹೊರಗೆ ಬಿಳಿ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಮನೆಗಳು ಸೂರಿನ ತನಕ ಹಿಮದಲ್ಲಿ ಹೂತಿದ್ದವು. ಎಷ್ಟೋ ಮನೆಗಳ ಚಿಮಣಿಯಲ್ಲಿ ಹೊಗೆ ಇಲ್ಲ. ಅವು ಖಾಲಿ ಮನೆಗಳು ಎಂದು ವಸುಧಾ ಹೇಳಿದಳು.

ನಮ್ಮ ಡಬ್ಬಿಯಲ್ಲಿ ನಾಲ್ಕೈದು ಮುದುಕರು, ಚೀಲ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ನಮ್ಮ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಾಗಿದ್ದರೆ ಎದುರು ಸೀಟಿನವಳು ಕೂಸಿನ ಅಪ್ಪ ಎಲ್ಲಿ ಎಂದು ಕೇಳಿ, ವಿಷಯ ಹೊರಡಿಸಿ, ತಾನೂ ಅತ್ತು, ಬಾಳೆಹಣ್ಣು ಸುಲಿದು ಕೊಟ್ಟು, ಇಳಿಯುವ ಮೊದಲು ಎಲ್ಲ ಸರಾಗ ಮಾಡಿರುತ್ತಿದ್ದಳು. ಪರರ ಉಸಾಬರಿಯನ್ನು ನಾನು ಜೀವನಪೂರ್ತಿ ಬಯ್ದವಳು. ಆವತ್ತು ಅಂಥವಳೊಬ್ಬಳು ಬರಲಿ ಎಂದು ದೇವರಿಗೆ ಬೇಡಿಕೊಂಡೆ.

"ಹೇಳು," ಅಂದೆ ವಸುಧಾಳಿಗೆ.

"ಇಷ್ಟು ಜನರ ಮುಂದೆ ಅವಳು ಅತ್ರೆ?"

"ಅಳಲಿ."

"ಇಲ್ಲಿ ಯಾರೂ ಅಳಲ್ಲ ಅಕ್ಕ ಟ್ರೇನಲ್ಲಿ."

ಮೇಘಾ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಪ್ರತಿ ಸ್ಟೇಷನ್ ಬಂದಾಗಲೂ ಇದಾ, ಇದಾ ಎಂದು ಕೇಳುತ್ತಿದ್ದಳು. ನಾನೇ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಯಾವ ಮಾತಿನಿಂದ ಹೇಳುವುದು? ಕನ್ನಡದಲ್ಲಿ ನನಗೂ ಹೋದ, ತೀರಿಕೊಂಡ ಬಿಟ್ಟರೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಇಂಗ್ಲಿಷಿನದು ಬಂತು, ಆದರೆ ನನ್ನ ತಮ್ಮನ ಬಗ್ಗೆ ಆ ಮಾತನ್ನು ನಾನೂ ಅಲ್ಲಿಯ ತನಕ ಆಡಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ರೈಲು ನಿಂತಿತು. ನಾವು ಹಿಂದಿನ ಡಬ್ಬಿಯಲ್ಲಿದ್ದೆವು. ಚೀಲ ಹಿಡಿದು ಬಾಗಿಲ ಮುಂದೆ ನಿಂತೆವು, ಬಾಗಿಲು ತೆರೆಯಲಿಲ್ಲ. ಗುಂಡಿ ಒತ್ತಿದೆ, ತಳ್ಳಿದೆ, ಕೊನೆಗೆ ಬಡಿದೆ. ಮುದುಕರೆಲ್ಲ ಕಣ್ಣು ತೆರೆದು ಮುಂದಕ್ಕೆ ಕೈ ತೋರಿಸಿದರು. ಸಿಬ್ಬಂದಿಯಿಲ್ಲದ ಸ್ಟೇಷನ್ನುಗಳಲ್ಲಿ ಮೊದಲನೇ ಡಬ್ಬಿಯ ಮುಂದಿನ ಬಾಗಿಲು ಒಂದೇ ತೆರೆಯುವುದು. ವಸುಧಾಳಿಗೆ ಅದು ಗೊತ್ತಿತ್ತು, ಆ ಗಡಿಬಿಡಿಯಲ್ಲಿ ಮರೆತಿದ್ದಳು. ಚೀಲಗಳನ್ನು ಎಳೆದುಕೊಂಡು ಎರಡು ಡಬ್ಬಿ ದಾಟಿ ಓಡಿದೆವು. ಎಲ್ಲರಿಗಿಂತ ಮೊದಲು ಓಡಿದವಳು ಮೇಘಾ.

ಸ್ಟೇಷನ್

ಒಂದೇ ಪ್ಲಾಟ್‌ಫಾರ್ಮು. ಮರದ ಸಣ್ಣ ಕಟ್ಟಡ, ಅದರ ಮೇಲೆ ಹಿಮ. ಗುಡಿಸಿ ಚೊಕ್ಕಟ ಮಾಡಿದ ದಾರಿಯಲ್ಲಿ ಅಜ್ಜಿ ನಿಂತಿದ್ದಳು. ಗಿಡ್ಡ ದೇಹ, ಬಾಗಿದ ಬೆನ್ನು. ಬರುತ್ತೇವೆ ಎಂದಷ್ಟೇ ವಸುಧಾ ಮೊದಲೇ ತಿಳಿಸಿದ್ದಳು. ಅಜ್ಜಿ ಮೇಘಾಳ ಕೆನ್ನೆ ಹಿಡಿದಳು, ವಸುಧಾಳ ಕೈ ಹಿಡಿದಳು, ನನಗೆ ಬಗ್ಗಿದಳು. ಆಮೇಲೆ ನಮ್ಮ ಹಿಂದೆ ನೋಡಿದಳು.

ಡ್ರೈವರ್ ಬಾಗಿಲು ಮುಚ್ಚುವ ತನಕ ನೋಡಿದಳು. ರೈಲು ಹೊರಟ ಮೇಲೂ ಅದು ಸುರಂಗ ಸೇರುವ ತನಕ ನೋಡಿದಳು. ಇತ್ತ ಮೇಘಾ ವೆಯ್ಟಿಂಗ್ ರೂಮಿನ ಬಾಗಿಲು ಸರಿಸಿ ಒಳಗೆ ನೋಡಿದಳು. ಒಂದು ಬೆಂಚು, ಅದರ ಮೇಲೆ ಯಾರೋ ಹೆಣೆದ ಉಣ್ಣೆಯ ದಿಂಬುಗಳು, ಒಂದು ಸೀಮೆಎಣ್ಣೆ ಒಲೆ, ಒಂದು ಕ್ಯಾಲೆಂಡರು. "ಅಪ್ಪ?" ಎಂದು ಕರೆದಳು. ಕಟ್ಟಡದ ಹಿಂದೆ ಹೋಗಿ ಇನ್ನೊಮ್ಮೆ ಕರೆದಳು. ಏಳು ದಶಕ ದಾಟಿದ ಒಂದು ಜೀವ, ಆರು ವರ್ಷದ ಒಂದು ಜೀವ, ಇಬ್ಬರೂ ಒಬ್ಬನನ್ನೇ ಹುಡುಕುತ್ತಿದ್ದರು. ನಾನು ಹೆದರಿದ್ದು ಇದಕ್ಕೇ. ವಸುಧಾ ಚೀಲದ ಪಟ್ಟಿಯನ್ನು ಸುಮ್ಮನೆ ಬಿಗಿ ಮಾಡುತ್ತ, ಸಡಿಲ ಮಾಡುತ್ತ ನಿಂತಿದ್ದಳು.

ಅಜ್ಜಿಯ ಮನೆ

ಬಾಗಿಲೊಳಗೆ ಚಪ್ಪಲಿ ಬಿಡುವ ಜಾಗದಲ್ಲಿ, ಅಜ್ಜಿ ಒಳಗೆ ಮೆಟ್ಟಿಕೊಳ್ಳುವ ಮೆತ್ತನೆಯ ಜೋಡುಗಳನ್ನು ಸಾಲಾಗಿ ಇಟ್ಟಿದ್ದಳು. ಒಂದು ಪುಟ್ಟದು, ಎರಡು ಹೆಂಗಸರವು, ಒಂದು ದೊಡ್ಡದು. "ದೀಸ್ ಆರ್ ಅಪ್ಪಾಸ್," ಎಂದು ಮೇಘಾ ದೊಡ್ಡದನ್ನು ತನ್ನ ಜೋಡಿನ ಪಕ್ಕಕ್ಕೆ ಸರಿಸಿದಳು. ಅದು ಅಲ್ಲೇ ಉಳಿಯಿತು.

ಒಳಗೆ ತಗ್ಗು ಮೇಜಿಗೆ ಹೊದಿಕೆ ಹೊದಿಸಿ ಅಡಿಯಲ್ಲಿ ಹೀಟರ್ ಇಟ್ಟಿದ್ದರು. ಎಲ್ಲರೂ ಅದರೊಳಗೆ ಕಾಲು ಚಾಚಿ ಕೂತೆವು. ಕಾಲು ಬೆಚ್ಚಗಿದ್ದವು, ಬೆನ್ನು ಮರಗಟ್ಟುತ್ತಿತ್ತು. ಗೋಡೆಯ ಬದಿಗೆ ಒಂದು ಕಪ್ಪು ಮರದ ಕಪಾಟು, ಬಾಗಿಲು ತೆರೆದಿತ್ತು. ನಮ್ಮ ದೇವರ ಮಂಟಪದ ಹಾಗೆ ಒಳಗೆ ಹಣತೆಯಂಥ ದೀಪ, ಊದುಬತ್ತಿಯ ಬಟ್ಟಲು, ಅಕ್ಕಪಕ್ಕ ಹಣ್ಣು. ನಡುವೆ ಒಬ್ಬ ಮುದುಕನ ಫೋಟೋ. ಅಜ್ಜಿಯ ಗಂಡ.

ಅಜ್ಜಿ ಐದು ಬಟ್ಟಲು ಇಟ್ಟು ಚಹಾ ಬಗ್ಗಿಸಿದಳು. ಐದನೆಯದಕ್ಕೆ ಬಗ್ಗಿಸದೆ ಕೈ ತಡೆದು, "ಗಿರಿ-ಸಾನ್?" ಎಂದು ಕೇಳಿದಳು.

ವಸುಧಾ ತಲೆ ತಗ್ಗಿಸಿ ಒಂದು ಮಾತು ಹೇಳಿದಳು. "ಇಕಿಮಾಶಿತಾ."

ಅಜ್ಜಿ ತಲೆಯಾಡಿಸಿ ನಗುತ್ತ ಏನೋ ಕೇಳಿದಳು. ಅದರಲ್ಲಿ ಅಮೆರಿಕಾ ಎಂಬ ಮಾತು ನನಗೂ ಕೇಳಿಸಿತು.

"ಏನಂದಿ ನೀ?" ಎಂದೆ ನಾನು.

"ಹೋದ್ರು ಅಂತ," ಅಂದಳು ವಸುಧಾ. "ಎಲ್ಲಿಗೆ ಅಂತ ಕೇಳ್ತಿದಾರೆ. ಕೆಲಸಕ್ಕಾ ಅಂತಿದಾರೆ."

ಮತ್ತೆ ಅದೇ ಮಾತು. ಭೂಮಿಯ ಈ ತುದಿಯಲ್ಲೂ ಅದೇ. ನನಗೆ ಸಿಟ್ಟು ನೆತ್ತಿಗೇರಿತು. "ವಸು, ಮಗಳಿಗೆ ಹೇಳಿದ್ದನ್ನೇ ಈ ಮುದುಕಿಗೂ ಹೇಳಬ್ಯಾಡ. ಎಲ್ಲೆಲ್ಲಿ ಅಂತ ಕಾಯಬೇಕು ಮಂದಿ?"

ಮೇಘಾ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ವಸುಧಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಆಮೇಲೆ ಸರಿಯಾಗಿ ಅಜ್ಜಿಯ ಮುಖ ನೋಡಿ, "ಶಿನಿಮಾಶಿತಾ," ಅಂದಳು.

ಸತ್ತರು. ಅದು ಒರಟು ಮಾತಂತೆ, ಅವರಲ್ಲೂ ದೊಡ್ಡವರ ಬಗ್ಗೆ ಹಾಗೆ ಆಡುವುದಿಲ್ಲವಂತೆ. ಇಲ್ಲವಾದರು ಎಂಬರ್ಥದ ಮೆತ್ತನೆಯ ಮಾತು ಬೇರೆ ಇದೆಯಂತೆ. ವಸುಧಾಳಿಗೆ ಪಾಠದ ಪುಸ್ತಕದ ಈ ಒಂದೇ ಮಾತು ಗೊತ್ತಿತ್ತು. ನಮ್ಮ ಮನೆಯವರಲ್ಲಿ ಗಿರೀಶನ ಬಗ್ಗೆ ಆ ಮಾತು ಮೊದಲು ಆಡಿದವಳು ಅವಳೇ.

ಅಜ್ಜಿ ಅಳಲಿಲ್ಲ. ಚಹಾದ ಪಾತ್ರೆಯನ್ನು ಕೆಳಗಿಟ್ಟಳು. ಎರಡು ಕೈ ನೆಲಕ್ಕೂರಿ ಮೆಲ್ಲಗೆ ಎದ್ದು, ಬೆರಳಿನಿಂದ ಗಾಳಿಯಲ್ಲಿ ಚೌಕ ಬರೆದು ವಸುಧಾಳ ಮುಂದೆ ಕೈ ಒಡ್ಡಿದಳು. ವಸುಧಾಳಿಗೆ ತಿಳಿಯಿತು. ಪರ್ಸಿನಿಂದ ಗಿರೀಶನ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಕೊಟ್ಟಳು. ಅಜ್ಜಿ ಅದನ್ನು ಹಣೆಗೆ ಮುಟ್ಟಿಸಿ, ಕಪಾಟಿನೊಳಗೆ ತನ್ನ ಗಂಡನ ಫೋಟೋದ ಪಕ್ಕ ಒರಗಿಸಿ ಇಟ್ಟಳು. ಐದನೇ ಬಟ್ಟಲಿಗೆ ಚಹಾ ಬಗ್ಗಿಸಿ ಅದರ ಮುಂದಿಟ್ಟಳು. ಊದುಬತ್ತಿ ಹಚ್ಚಿ, ಸಣ್ಣ ಕಂಚಿನ ಬಟ್ಟಲಿಗೆ ಕೋಲಿನಿಂದ ತಟ್ಟಿದಳು. ಆ ನಾದ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮೇಘಾ ಎದ್ದು ನಿಂತಿದ್ದಳು. "ಮಮ್ಮಿ, ದಟ್ಸ್ ಫಾರ್ ಡೆಡ್ ಪೀಪಲ್."

ವಸುಧಾ ಅವಳ ಕಡೆ ಕೈ ಚಾಚಿದಳು.

"ಅಪ್ಪ ಟೋಲ್ಡ್ ಮಿ. ಗ್ರ್ಯಾಂಡ್‌ಪಾ ಡೈಡ್, ಸೋ ಹಿ ಈಸ್ ಇನ್ ದೇರ್. ಯು ಕಾಂಟ್ ಪುಟ್ ಅಪ್ಪ ದೇರ್."

ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಈ ತಾತ ಯಾರು, ಯಾಕೆ ನಮಸ್ಕಾರ ಮಾಡಬೇಕು ಎಂದು ಕೂಸು ಕೇಳಿದಾಗ ಗಿರೀಶ ಸುತ್ತುಬಳಸಿಲ್ಲದೆ ಹೇಳಿದ್ದ. ನಾವ್ಯಾರೂ ಹೇಳಲಾರದ್ದನ್ನು ಅವನೇ ಹೇಳಿಟ್ಟು ಹೋಗಿದ್ದ. ಮೇಘಾ ಕಪಾಟಿನ ಹತ್ತಿರ ಹೋಗಿ ಫೋಟೋ ತೆಗೆದುಕೊಂಡಳು. ನಾನು ತಡೆಯಲು ಎದ್ದೆ. ಅಜ್ಜಿ ನನ್ನ ಸೆರಗು ಹಿಡಿದು ಕೂರಿಸಿದಳು.

"ಮೇಘಾ," ಅಂದಳು ವಸುಧಾ. "ಅಪ್ಪ ಸತ್ತುಹೋದ್ರು ಕಂದ. ಹಿ ಡೈಡ್. ಆವತ್ತೇ, ಆಫೀಸಿಗೆ ಹೋದ ದಿನಾನೇ."

"ಯು ಸೆಡ್ ಹಿ ವೆಂಟ್."

"ಹೂಂ. ಹಾಗಂದೆ."

"ಯು ಸೆಡ್ ಹಿ ವೆಂಟ್!"

ಆಮೇಲಿನದನ್ನು ಬರೆಯಲಾರೆ. ಮಕ್ಕಳು ಅಳುವುದನ್ನು ನಾನು ಕೇಳಿದ್ದೇನೆ, ನನಗೂ ಎರಡು ಮಕ್ಕಳು. ಆ ಅಳು ಬೇರೆ. ಅದರಲ್ಲಿ ಸಿಟ್ಟೇ ಹೆಚ್ಚಿತ್ತು. ಅಮ್ಮನನ್ನು ಹತ್ತಿರ ಬರಗೊಡಲಿಲ್ಲ, ನನ್ನನ್ನೂ ಗುದ್ದಿದಳು. ಜೇಬಿನಿಂದ ವಿಮಾನದ ಚಾಕೊಲೇಟ್ ತೆಗೆದು ಗೋಡೆಗೆ ಎಸೆದಳು. ಕೊನೆಗೆ ಭಾಷೆಯೇ ಬಾರದ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ಅಜ್ಜಿ ಅವಳ ಬೆನ್ನು ತಟ್ಟುತ್ತಿದ್ದಳು, ಏನೂ ಹೇಳಲಿಲ್ಲ. ಹೇಳಿ ಕೆಡಿಸುವ ಮಾತೇ ಇರಲಿಲ್ಲ ಅವಳ ಬಳಿ. ವಸುಧಾ ಗೋಡೆಗೆ ಒರಗಿ ಕೂತು ಅತ್ತಳು. ನಾಲ್ಕು ತಿಂಗಳಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಮತ್ತೆ ಸ್ಟೇಷನ್

ಮರುದಿನ ಮಧ್ಯಾಹ್ನದ ರೈಲಿಗೆ ಹೊರಟೆವು. ಅಜ್ಜಿ ಒಣಹಣ್ಣಿನ ಗಂಟು ಕಟ್ಟಿಕೊಟ್ಟಳು. ಬಾಗಿಲಲ್ಲಿ ದೊಡ್ಡ ಜೋಡು ಇರಲಿಲ್ಲ, ಅಜ್ಜಿ ಬೆಳಿಗ್ಗೆಯೇ ಎತ್ತಿ ಒಳಗಿಟ್ಟಿದ್ದಳು.

ಸಾವಿನ ಮನೆಯಿಂದ ಎದ್ದು ಬರುವಾಗ ಹೋಗಿ ಬರ್ತೀವಿ ಅನ್ನಬಾರದು, ಹೇಳದೇ ಎದ್ದುಬಿಡಬೇಕು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಯಾರ ಮನೆಯ ಸಾವು ಇದು, ನಮ್ಮದೋ ಅವಳದೋ ಎಂದು ನನಗೆ ತಿಳಿಯಲಿಲ್ಲ. ಆದರೂ ಏನೂ ಅನ್ನಬೇಡ ಎಂದು ವಸುಧಾಳಿಗೆ ಮೊದಲೇ ಹೇಳಿದ್ದೆ. ವೆಯ್ಟಿಂಗ್ ರೂಮಿನ ಉಣ್ಣೆಯ ದಿಂಬುಗಳ ಮೇಲೆ ನಾಲ್ವರೂ ಸುಮ್ಮನೆ ಕೂತೆವು. ಮೇಘಾ ಫೋಟೋವನ್ನು ಕೈಯಲ್ಲೇ ಹಿಡಿದಿದ್ದಳು. ಹಿಂದಿನ ಸಂಜೆಯಿಂದ ಅಮ್ಮನ ಜೊತೆ ಒಂದು ಮಾತೂ ಆಡಿರಲಿಲ್ಲ.

ರೈಲು ಬಂತು. ಈ ಸಲ ಯಾವ ಬಾಗಿಲು ತೆರೆಯುತ್ತದೆ ಎಂದು ನಮಗೆ ಗೊತ್ತಿತ್ತು. ಹತ್ತುವ ಮೊದಲು ಮೇಘಾ ಓಡಿಹೋಗಿ ಫೋಟೋವನ್ನು ಅಜ್ಜಿಯ ಕೈಯಲ್ಲಿಟ್ಟು ಬಂದಳು. ಅಜ್ಜಿ ನಮ್ಮ ಹಿಂದೆ ನೋಡಲಿಲ್ಲ, ಇತ್ತೆರಾಶ್ಶಾಯ್ ಅನ್ನಲಿಲ್ಲ. ಸೊಂಟ ಬಗ್ಗಿಸಿ ನಿಂತಳು. ರೈಲು ಹೊರಟು ಸುರಂಗ ಸೇರುವ ತನಕ ಅವಳು ತಲೆ ಎತ್ತಲಿಲ್ಲ.

ಸುರಂಗದ ಕತ್ತಲು ಕಳೆದ ಮೇಲೆ ಮೇಘಾ ಅಮ್ಮನ ಕಡೆ ತಿರುಗಿದಳು.

"ಡಿಡ್ ಹಿ ಸೇ ಇಟ್? ದಟ್ ಡೇ?"

ಏನು ಎಂದು ಕೇಳಬೇಕಾಗಿರಲಿಲ್ಲ. "ಹೇಳಿದ್ರು," ಅಂದಳು ವಸುಧಾ.

"ಇನ್ ಜಪಾನೀಸ್?"

"ಇಲ್ಲ. ಕನ್ನಡದಲ್ಲಿ. ಹೋಗಿ ಬರ್ತೀನಿ ಅಂದ್ರು. ನೀನು ಮಲಗಿದ್ದೆ."

ಮೇಘಾ ಲೆಕ್ಕ ಹಾಕುವವಳಂತೆ ಬೆರಳು ಮಡಚಿದಳು. ಆಮೇಲೆ, ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಒಂದೊಂದೇ ಮಾತು ಜೋಡಿಸಿ ಕನ್ನಡದಲ್ಲಿ ಕೇಳಿದಳು. "ಯಾರು ಹೇಳಿದ್ರು, ಹೋಗಿ ಬನ್ನಿ ಅಂತ?"

ವಸುಧಾ ಮಗಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ನಾನು ಹೇಳ್ದೆ ಪುಟ್ಟಿ. ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲೇ ನಿಂತು ಹೇಳ್ದೆ. ಅವ್ರಿಗೆ ಕೇಳಿಸ್ತು."

ಮಿಕ್ಸಿಯ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಮೇಘಾ ನನ್ನ ಕಡೆ ತಿರುಗಿದಳು. ನೆವಾರ್ಕಿನಿಂದ ಇಲ್ಲಿಯ ತನಕ ನಿಜ ಹೇಳು, ನಿಜ ಹೇಳು ಎಂದು ಅವಳಮ್ಮನ ಬೆನ್ನು ಬಿದ್ದಿದ್ದವಳು ನಾನು.

"ಹೌದವ್ವಾ," ಅಂದೆ. "ಹೇಳಿದ್ಲು. ನಂಗೂ ಗೊತ್ತದ."

ಮೇಘಾ ತಲೆಯಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಎದುರು ಸೀಟಿನ ಮುದುಕರು ಕಣ್ಣು ಮುಚ್ಚಿ ಕೂತಿದ್ದರು. ವಸುಧಾ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಅಜ್ಜಿಯ ಗಂಟು ಬಿಚ್ಚಿ ಒಂದು ಹಣ್ಣನ್ನು ಎರಡು ಭಾಗ ಮಾಡಿ ಅವಳ ಪಾಲನ್ನು ಅವಳ ಕೈಯಲ್ಲಿಟ್ಟೆ.